ಸರದಿಯಲ್ಲಿ ಮೊದಲನೆಯ ನರಿ

ಹೊಸ ಗೂಡಿನ ಚಿಲಕ ವಾರದೊಳಗೇ ಮುರಿಯಿತೆಂದು ಕೋಳಿ ಅಂಗಡಿಗೆ ಓಡಿತು. ದೂರು ಕೇಳಲು ಕೂತಿದ್ದ ಗಿಳಿ, "ನಿಮ್ಮ ದೂರು ನಮಗೆ ಅಮೂಲ್ಯ. ಸರದಿಯಲ್ಲಿ ನೀವೇ ಮೊದಲು. ದಯವಿಟ್ಟು ಕಾಯಿರಿ" ಎಂದಿತು.

"ಗಿಳಿರಾಯರೇ, ಮನೆಯಲ್ಲಿ ಮರಿಗಳಿವೆ. ಕತ್ತಲಾದರೆ ನರಿ ಬರುತ್ತೆ!"

"ನಿಮ್ಮ ದೂರು ನಮಗೆ ಅಮೂಲ್ಯ..."

ಮೊದಲು ಎಂದ ಮೇಲೆ ಎದ್ದುಹೋಗಲು ಕೋಳಿಗೆ ಮನಸ್ಸಾಗಲಿಲ್ಲ. ಹೊತ್ತು ಮುಳುಗುವಾಗ ಗಿಳಿಯನ್ನು ಬೈಯುತ್ತ ಮನೆಗೆ ಓಡಿ ಬಂದರೆ, ನರಿ ಆಗಲೇ ಬಾಗಿಲಲ್ಲಿತ್ತು.

"ಏನು ಕೋಳಿಯಮ್ಮ, ಚಿಲಕ ಮುರಿದಿದೆಯಂತೆ?"

ಕೋಳಿ ಕತ್ತು ಕೊಂಕಿಸಿ ಗಿಳಿಯ ದನಿಯಲ್ಲೇ ಹೇಳಿತು: "ನಿಮ್ಮ ಹಸಿವು ನಮಗೆ ಅಮೂಲ್ಯ. ಸರದಿಯಲ್ಲಿ ನೀವೇ ಮೊದಲು. ದಯವಿಟ್ಟು ಕಾಯಿರಿ."

ನರಿ ಹಿಗ್ಗಿ, ಬಾಲ ಮಡಿಚಿ ಕೂತಿತು. ಈಗ ಆ ಮರಿಗಳೇ ಮೊಟ್ಟೆಯಿಡುತ್ತಿವೆ. ಎದ್ದರೆ ಜಾಗ ಹೋದೀತೆಂದು ನರಿ ಇನ್ನೂ ಅಲ್ಲಾಡಿಲ್ಲ.