ಕವುಚಿ ಬಿದ್ದ ವೀರಗಲ್ಲು

ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನೊಬ್ಬನ ವೀರಗಲ್ಲನ್ನು ಅದೇ ಊರಿನವರು ಕೆರೆದಂಡೆಯಲ್ಲಿ ಕವುಚಿ ಹಾಕಿ, ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಕಲ್ಲಿನಡಿ ಮನೆ ಮಾಡಿದ್ದ ಕಪ್ಪೆಗೆ ಇದನ್ನು ಕಂಡು ಮೈ ಉರಿಯಿತು.

“ಕಲ್ಲಣ್ಣ, ದಿನಾ ಬಡಿಸಿಕೊಂಡು ಬಿದ್ದಿದ್ದೀಯಲ್ಲ, ನೀನೆಂಥ ಹೇಡಿ? ಒಮ್ಮೆ ಹೊರಳಿ ಮುಖ ತೋರಿಸು.”

“ಹೊರಳಿದರೆ ಏಟು ಮುಖದ ಮೇಲಿರುವ ಅವನ ಹೆಸರಿಗೆ ಬೀಳುತ್ತದೆ, ತಂಗಿ. ಓದಬಲ್ಲವರು ಬರುವತನಕ ನನ್ನ ಬೆನ್ನಿಗೇ ಬೀಳಲಿ.”

ಕೊನೆಗೊಂದು ದಿನ ಶಾಸನ ಹುಡುಕುವವರು ಬಂದು ಕಲ್ಲನ್ನು ಎತ್ತಿ ನಿಲ್ಲಿಸಿದರು. ಬೆನ್ನು ಸವೆದು ಹಳ್ಳಬಿದ್ದಿತ್ತು. ಮುಖದಲ್ಲಿ ಒಂದಕ್ಷರವೂ ಅಳಿದಿರಲಿಲ್ಲ. ಅವರು ಸತ್ತವನ ಹೆಸರನ್ನು ಗಟ್ಟಿಯಾಗಿ ಓದಿದಾಗ, ಒಗೆಯಲು ಬಂದವರು ಗಂಟು ಕೆಳಗಿಳಿಸದೆ ನಿಂತುಬಿಟ್ಟರು.

ಸೂರು ಕಳೆದುಕೊಂಡ ಕಪ್ಪೆ ಬಿಸಿಲಲ್ಲೇ ಕುಳಿತು ಹೇಳಿತು: “ಹೇಡಿ ಅಂದ ನನ್ನ ನಾಲಿಗೆ ಸುಡಲಿ, ಅಣ್ಣ.”