ಬುಡಕ್ಕಿಳಿದ ಸ್ಲಾತ್

“ನಿಧಾನಗಿತ್ತೀ, ಇನ್ನೊಂದು ಮರ ಸೇರುವುದು ನಿನ್ನಿಂದ ಈ ಜನ್ಮದಲ್ಲಿ ಆಗದು” ಎಂದು, ಕೊಂಬೆಗೆ ತಲೆಕೆಳಗಾಗಿ ಜೋತು ಬದುಕುವ ಮಂದಗತಿಯ ಪ್ರಾಣಿ ಸ್ಲಾತಮ್ಮನನ್ನು ಹಂಗಿಸಿದ್ದು ಅದೇ ಮರದ ಕೋತಿ. ವಾರಕ್ಕೊಮ್ಮೆ ಅವಳು ಹೊರಕಡೆಗೆಂದು ಬುಡಕ್ಕಿಳಿದರೆ ಅದಕ್ಕೂ ನಗುತ್ತಿತ್ತು. ಒಂದು ವಾರ ಇಳಿದಾಗ ಬುಡದಲ್ಲಿ ಮೂಡಿದ್ದ ಅಣಬೆ ಅವಳನ್ನು ಮಾತಾಡಿಸಿತು.

“ಅಕ್ಕಾ, ಈ ಕಾಡಿನಲ್ಲಿ ನಿನ್ನವರು ಉಳಿದಿರುವುದೇ ನಾಲ್ಕು ಜನ. ನಾನೂ ನಿನ್ನಂತೆ ನಿಧಾನ. ತಮ್ಮ ಎಂದುಕೋ.”

“ನಾನು ತಿಂದ ಎಲೆ ಮತ್ತೆ ಚಿಗುರುತ್ತದೆ. ನೀನೇನು ತಿನ್ನುತ್ತೀಯಪ್ಪ?”

“ಏನೋ ಅಷ್ಟಿಷ್ಟು. ಮರವೇನೂ ದೂರು ಹೇಳಿಲ್ಲವಲ್ಲ!”

ಅವಳಿಗೆ ನಂಬಿಕೆ ಬರಲಿಲ್ಲ. ಉಗುರಿನಿಂದ ಕಾಂಡ ಕುಟ್ಟಿದಳು, ಒಳಗೆಲ್ಲ ಟೊಳ್ಳು. ಕೋತಿಗೆ ಕೂಗಿ ಹೇಳಿದರೆ ಅದು ಮತ್ತೆ ನಕ್ಕಿತು. ಅವಳು ಆಗಲೇ ತೆವಳುತ್ತ ಹೊರಟಳು. ಮೂರನೆಯ ದಿನ ಹಿಂದಿನಿಂದ ಮರ ಉರುಳಿದ ಸದ್ದು ಕೇಳಿಸಿತು.

ಈಗ ಹೊಳೆಯಾಚೆಯ ಗಟ್ಟಿಮರ ಅವಳದು. ತೆವಳುವಾಗ ಮುರಿದುಕೊಂಡು ಅದಕ್ಕೆ ತೆತ್ತದ್ದು ಮುಂಗಾಲಿನ ಮೂರು ಉಗುರುಗಳಲ್ಲಿ ಒಂದು.