ಮಂಕಾಳಿಯ ಒಲೆಗುಂಡು

ಬಹಳ ಹಿಂದೆ, ನದಿ ತಾನು ಹೊತ್ತು ತಂದ ಮಣ್ಣನ್ನೆಲ್ಲ ಕಡಲಿಗೆ ಒಪ್ಪಿಸುವ ಜಾಗದಲ್ಲಿ, ಕೆಸರಕೋಡಿ ಅಂತ ಒಂದು ಊರಿತ್ತು. ಅಲ್ಲಿ ಮಂಕಾಳಿ ಅಂತ ಒಬ್ಬಳಿದ್ದಳಂತೆ. ಅಳಿವೆಯ ಕೆಸರು ಬಗೆದು ಬಳಚಿನ ಚಿಪ್ಪು ಹೆಕ್ಕುವವಳು. ಅವಳು ಕೂಗಿದರೆ ಆಚೆ ದಡ ಸೇರಿದ ದೋಣಿಯೂ ತಿರುಗಿ ಬರುತ್ತಿತ್ತಂತೆ.

ಊರ ನಡುವೆ ಬಿಲ್ಲಿನ ಹಾಗೆ ಬಾಗಿದ ಒಂದು ಬಿರುಕು. ಇತ್ತ ಹಳೆ ನೆಲ, ಕಡಲ ಕಡೆಗೆ ಹೊಸ ನೆಲ. ಮಳೆಗಾಲ ಕಳೆದಾಗಲೆಲ್ಲ ಹೊಸ ನೆಲ ಗೇಣಷ್ಟು ಕುಸಿದಿರುತ್ತಿತ್ತು. ನೆಲದಮ್ಮನಿಗೆ ಹಸಿವಾಗಿದೆ ಅಂತ ಜನ ಮನೆಗೊಂದು ಬುಟ್ಟಿ ಮಣ್ಣು ತಂದು ಅಲ್ಲಿ ಸುರಿಯುತ್ತಿದ್ದರು. ಅದಕ್ಕೆ ಉಣಿಸು ಅಂತ ಹೆಸರು. ನೆರೆ ತಂದ ಮಣ್ಣೂ ಅಲ್ಲೇ ತುಂಬುತ್ತಿತ್ತು. ನೆಲ ಸಮವಾಗುತ್ತಿತ್ತು, ಮರುವರ್ಷ ಮತ್ತೆ ಕುಸಿಯುತ್ತಿತ್ತು.

ಹೊಸ ಮಣ್ಣಿನ ಭತ್ತ ಒಡೆಯನದು. ಅದರ ಮೇಲಿನ ಗುಡಿಸಲುಗಳು ಗೇಯುವವರವು. ಒಡೆಯನ ಮನೆ ಮಾತ್ರ ಗುಡ್ಡದ ಮೇಲೆ. ಒಡೆಯರ ಮನೆ ಯಾವ ಊರಲ್ಲಿ ತಗ್ಗಿನಲ್ಲಿತ್ತು, ಹೇಳಿ? ಹೊಸ ನೆಲದ ತೆಂಗಿನ ಮರಗಳೆಲ್ಲ ಗುಡ್ಡದ ಕಡೆಗೇ ವಾಲಿದ್ದವಂತೆ. ಮರಗಳೂ ನನಗೆ ಕೈಮುಗಿಯುತ್ತವೆ ಅಂತ ಅವನು ಮೀಸೆ ತಿರುವುತ್ತಿದ್ದನಂತೆ. ಮಂಕಾಳಿಗೆ ನಗು. ಕೆಸರಲ್ಲಿ ಕಾಲು ಮುಂದೆ ಜಾರಿದವನ ತಲೆ ಹಿಂದಕ್ಕೇ ವಾಲುವುದು, ಅದೇನು ನಮಸ್ಕಾರವೇ ಅನ್ನುತ್ತಿದ್ದಳಂತೆ.

ಹೊಸ ನೆಲದ ತುದಿಯಲ್ಲೇ ಅವಳ ಮಗಳು ಗುತ್ತಿಯ ಗುಡಿಸಲು. ಮಗಳ ಮಡಿಲಲ್ಲಿ ಎಳೆಕೂಸು. ಒಂದು ವರ್ಷ ಒಡೆಯ ಆ ತುದಿಗೆ ಚಿರೆಕಲ್ಲಿನ ದೊಡ್ಡ ಕಟ್ಟೆ ಕಟ್ಟಿಸಲು ಹೊರಟ. ಕಲ್ಲು ಏರಿದಂತೆಲ್ಲ ಬಿರುಕು ಬಾಯಿ ಬಿಟ್ಟಿತು. ಮಂಕಾಳಿಗೆ ಅನ್ನ ಸೇರಲಿಲ್ಲ. ಬಿರುಕಿನ ಈಚೆ ಅಗೆದಳು. ಹಳೆ ಚಿಪ್ಪಿನ ಪದರ ಮೊಣಕಾಲಾಳಕ್ಕೆ ಸಿಕ್ಕಿತು. ಆಚೆ ಅಗೆದಳು, ಕುತ್ತಿಗೆವರೆಗೆ ಇಳಿದರೂ ಬರೀ ಹೊಸ ಮಣ್ಣು.

“ಹಸಿದವಳಲ್ಲ ಇವಳು! ಹೊಟ್ಟೆ ಬಿರಿಯುವಷ್ಟು ಉಂಡವಳು! ಭಾರ ತಾಳದೆ ಕಡಲಿಗೆ ಜಾರುತ್ತಿದ್ದಾಳೆ! ಬಿಟ್ಟು ಬನ್ನಿರೋ!” ಅಂತ ಮನೆಮನೆಗೆ ಹೋಗಿ ಕೂಗಿದಳಂತೆ. ಅಮ್ಮನ ಊಟಕ್ಕೆ ಅಡ್ಡ ಬರಬೇಡ ಅಂತ ಜನ ಗದರಿದರಂತೆ.

“ಹೋಗುವುದಾದರೂ ಎಲ್ಲಿಗೆ ಅವ್ವಿ? ಹಳೆ ನೆಲದಲ್ಲಿ ನಮಗೆ ಜಾಗ ಕೊಡುವವರು ಯಾರು?” ಅಂತ ಗುತ್ತಿ ಕೇಳಿದಳಂತೆ. ಮಂಕಾಳಿ ಎದ್ದು ಹಳೆ ನೆಲದ ಉದ್ದಕ್ಕೂ ನೋಡುತ್ತ ನಡೆದಳಂತೆ.

ಮಳೆ ಹಿಡಿಯಿತು. ನೆರೆ ಏರಿತು. ಒಡೆಯ ಎಲ್ಲರನ್ನೂ ಕಟ್ಟೆಗೆ ಕಲ್ಲು ಹೊರಲು ಅಟ್ಟಿದ. ಆ ಹೊತ್ತಲ್ಲಿ ಮಂಕಾಳಿ ಗುಡಿಸಲು ಗುಡಿಸಲಿಗೆ ನುಗ್ಗಿ, ಮಡಕೆ ಕೂರಿಸುವ ಒಲೆಗುಂಡು ಕಲ್ಲುಗಳನ್ನೆಲ್ಲ ಕಿತ್ತು ಬುಟ್ಟಿಗೆ ಹಾಕಿಕೊಂಡಳಂತೆ. ಹಳೆ ನೆಲದಲ್ಲಿ ಒಡೆಯನ ಭತ್ತದ ಕಣವಿತ್ತು. ಅದರ ಮಾಡಿನ ಕೆಳಗೆ ಊರಿನಷ್ಟು ಒಲೆ ಹೂಡಿ, ಬೆಂಕಿ ಮಾಡಿ, ಗಂಜಿ ಇಟ್ಟಳಂತೆ.

ಮಧ್ಯಾಹ್ನ ಹಸಿದು ಬಂದವರಿಗೆ ಒಲೆಯೇ ಇಲ್ಲ. ಕಣದಲ್ಲೆದ್ದ ಹೊಗೆ ನೋಡಿ, ಮಕ್ಕಳುಮರಿ ಕಟ್ಟಿಕೊಂಡು ಬೈಯುತ್ತ ಅಲ್ಲಿಗೇ ಬಂದರು. ಕೂಸನ್ನು ಎತ್ತಿಕೊಂಡ ಗುತ್ತಿ ಎಲ್ಲರಿಗಿಂತ ಮುಂದೆ. ಎಲ್ಲರದೂ ಒಂದೇ ಕೂಗು:

“ಮುದುಕೀ, ಒಲೆ ಕೊಡೇ!”

“ಮೊದಲು ಉಣ್ಣಿರೋ. ಬರಿಹೊಟ್ಟೆಯಲ್ಲಿ ಬೈದರೆ ನನಗೆ ತಾಗುವುದಿಲ್ಲ.”

ಉಣ್ಣುತ್ತಿದ್ದರಂತೆ. ಆಗ ಹೊಸ ನೆಲ ನಿಟ್ಟುಸಿರು ಬಿಟ್ಟ ಹಾಗೆ ಒಂದು ಸದ್ದು ಮಾಡಿ ಕೂತುಬಿಟ್ಟಿತಂತೆ. ಕಟ್ಟೆ, ಗುಡಿಸಲು, ಕೈಮುಗಿದ ಮರಗಳು, ಎಲ್ಲ ಕಡಲಿಗೆ. ಒಬ್ಬರ ಕೂದಲೂ ಕೊಂಕಲಿಲ್ಲ. ಗುತ್ತಿ ಕೂಸನ್ನು ಅವ್ವಿಯ ತೊಡೆಗೆ ಹಾಕಿ ಪಕ್ಕದಲ್ಲೇ ಕೂತಳಂತೆ.

ಮಾರನೆಯ ದಿನ ಒಡೆಯ ಕಣ ಬಿಡಿಸಲು ಬಂದ. ಉರಿಯುವ ಒಲೆಯನ್ನು ಒದೆಯಬಾರದು ಅನ್ನುವುದು ಆ ಸೀಮೆಯ ಕಟ್ಟಳೆ. ಮಂಕಾಳಿ ಒಂದು ಒಲೆಯೂ ಆರದಂತೆ ಸೌದೆ ತುರುಕುತ್ತ, “ಒದಿ, ನೋಡುವ” ಅಂದಳಂತೆ. ಅವನು ಒದೆಯಲಿಲ್ಲ. ಆ ಕಣವೇ ಈಗಿನ ಕೇರಿ.

ಇವತ್ತಿಗೂ ಕೆಸರಕೋಡಿಯಲ್ಲಿ ಬಿರುಕಿನಾಚೆ ಯಾರೂ ಬುಟ್ಟಿ ಮಣ್ಣು ಸುರಿಯುವುದಿಲ್ಲ. ನೆರೆ ಇಳಿದ ದಿನ ಎಲ್ಲರೂ ಒಲೆಗುಂಡು ತಂದು ಕೇರಿಯ ನಡುವೆ ಗಂಜಿ ಬೇಯಿಸುತ್ತಾರೆ. ಮೊದಲ ತುತ್ತಿಗೆ ಮುಂಚೆ, ಮಾತು ಬಾರದ ಕೂಸಿನ ಪರವಾಗಿ ಅದರ ತಾಯಿಯೂ ಸೇರಿ, ಕಡಲಿಗೆ ಕೇಳುವ ಹಾಗೆ ಒಂದೇ ಗಂಟಲಲ್ಲಿ ಕೂಗುತ್ತಾರೆ:

“ಮುದುಕೀ, ಒಲೆ ಕೊಡೇ!”